ಐದು ಗಂಟೆಯ ಅಂತರ

ಹನ್ನೊಂದು ವರ್ಷ ಓಟಿಲಿಯಾ ಚಲೇನ್ ಹೊತ್ತು ತಿರುಗಿದ ಕಡತವನ್ನು ವಿಲ್ಮರ್ ಯಗ್ವಾಲ್ ಒಂದೇ ಸಭೆಯಲ್ಲಿ ತನ್ನದಾಗಿಸಿಕೊಂಡ. ಗ್ವಾಯಾಕಿಲ್ ಬಂದರಿನ ಕೋಕೋ ವರ್ತಕರು, ಗೋದಾಮಿನವರು, ಹಡಗಿನವರು ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಸಂದೇಶಗಳೆಲ್ಲ ಒಂದೇ ಮಾದರಿಯಲ್ಲಿರಲಿ ಎಂದು ವರ್ತಕರ ಸಂಘದಲ್ಲಿ ಬಾಯಿ ಬಡಿದುಕೊಂಡವಳು ಅವಳು. 'ಕೋಕೋಗೆ ಮೂಗು ಬೇಕು ದೋನ್ಯಾ, ಮಷೀನಲ್ಲ' ಎಂದು, ಅಮ್ಮಾವ್ರೇ ಅನ್ನುವ ಅಲ್ಲಿಯ ಮರ್ಯಾದೆ ಮಾತಿನಲ್ಲೇ, ಸಭೆಯನ್ನೆಲ್ಲ ನಗಿಸಿ ಅವಳನ್ನು ಕೂರಿಸುತ್ತಿದ್ದವನು ಅಧ್ಯಕ್ಷ ವಿಲ್ಮರ್. ಈ ಸಲ ಅದೇ ಮಾದರಿಯನ್ನು, ಅವಳು ಹಾಕಿದ ಅಲ್ಪವಿರಾಮವನ್ನೂ ಬಿಡದೆ, ತನ್ನ ಹೆಸರಿನಲ್ಲಿ ಮಂಡಿಸಿದ.

ಓಟಿಲಿಯಾ ಎಲ್ಲರಿಗಿಂತ ಮೊದಲು ಕೈ ಎತ್ತಿ ಒಪ್ಪಿಗೆ ಕೊಟ್ಟಳು. ಕೈ ಇಳಿಸುವ ಹೊತ್ತಿಗೆ ಅವನನ್ನು ಕೊಲ್ಲುವ ದಾರಿ ಹೊಳೆದಿತ್ತು.

ದಾರಿ ಬಲು ಸರಳ. ಗೋದಾಮಿನ ಹುಳ ಸಾಯಲು ವಿಷಗಾಳಿ ತುಂಬುವ ಕಂಪನಿ ಇನ್ನೂ ಹಳೆಯ ಮಾದರಿಯಲ್ಲೇ ಸಂದೇಶ ಕಳಿಸುತ್ತಿತ್ತು; ಅದರಲ್ಲಿ, ವಿಷ ಇಳಿದು ಬಾಗಿಲು ತೆರೆಯಬಹುದಾದ ಹೊತ್ತಿಗೆ ಬರೆಯುವುದು ಊರಿನ ಗಂಟೆ. ಹೊಸ ಮಾದರಿಯಲ್ಲಿ ಬರೆಯುವುದು ಜಗತ್ತಿಗೆಲ್ಲ ಒಂದೇ ಆದ ಗಂಟೆ. ಅದು ಊರಿಗಿಂತ ಐದು ಗಂಟೆ ಮುಂದೆ. ಎರಡನ್ನೂ ಹೊಂದಿಸುವ ಕೆಲಸ ಅವಳದು. 'ಇದು ಊರಿನ ಗಂಟೆ' ಎನ್ನುವ ಒಂದು ಸಾಲನ್ನು ಅಳಿಸಿಬಿಟ್ಟರೆ ಮುಗಿಯಿತು. ಹೊಸ ಮಾದರಿ ಜಾರಿಯಾಗುವ ದಿನ ಸಂಜೆ ಆರಕ್ಕೆ ತೆರೆಯಬೇಕಾದ ವಿಲ್ಮರನ ಗೋದಾಮಿನ ಬಾಗಿಲಲ್ಲಿ ಮಧ್ಯಾಹ್ನ ಒಂದಕ್ಕೇ, ವಿಷ ಇನ್ನೂ ಒಳಗಿರುವಾಗಲೇ, ಹಸಿರು ದೀಪ ಹೊತ್ತಿಕೊಳ್ಳುತ್ತದೆ.

ದೀಪ ಕಂಡರೆ ವಿಲ್ಮರ್ ಕಾಯುವವನಲ್ಲ. ಇಪ್ಪತ್ತು ವರ್ಷದಿಂದ ಅದೇ ಚಾಳಿ: ಬಾಗಿಲು ತೆರೆದ ಕೂಡಲೇ ಒಬ್ಬನೇ ಒಳಗೆ ಹೋಗಿ, ಜೇಬಿನ ಚಾಕುವಿನಿಂದ ಬೀಜ ಸೀಳಿ ಮೂಸಬೇಕು. ಮೂಸಲಿ ಮಹಾರಾಯ, ಎದೆ ತುಂಬ ಮೂಸಲಿ. ತನಿಖೆ ನಡೆದರೂ ಸಿಗುವುದೇನು? ಎರಡು ಮಾದರಿಗಳ ನಡುವಿನ ಎಡವಟ್ಟು. ಎಡವಟ್ಟಿಗೆ ಯಾವ ಪೊಲೀಸನೂ ಕೋಳ ತೊಡಿಸುವುದಿಲ್ಲ. ಅವಳಿಗೆ ನಗು ಬಂತು.

ಹೊಸ ಮಾದರಿ ಜಾರಿಗೆ ಬರುವ ದಿನ ಬೆಳಗ್ಗೆ ಅವಳ ತಾಯಿ ಸೋಯಿಲಾ ಮನೆಯೆಲ್ಲ ತಡಕಾಡಿ ಬಿಳಿ ಚಪ್ಪಲಿ ಹುಡುಕುತ್ತಿದ್ದಳು. 'ಮಧ್ಯಾಹ್ನ ಊಟಕ್ಕೆ ನನ್ನ ಕಾಯ್ಬೇಡ ಕಣೇ. ಎಲ್ಲಿಗೆ ಅಂತ ಕೇಳಲ್ವಾ?' ಎಂದಳು. ಆ ಸಾಲನ್ನು ಅಳಿಸುವುದರಲ್ಲೇ ಮುಳುಗಿದ್ದ ಓಟಿಲಿಯಾ ಕೇಳಲಿಲ್ಲ.

ಹನ್ನೆರಡೂವರೆಗೆ ಕಚೇರಿಯ ನಾಲ್ವರನ್ನು ಸಾಕ್ಷಿಗೆಂದೇ ಕಟ್ಟಿಕೊಂಡು ಎದುರಿನ ಹೋಟೆಲಿಗೆ ಹೋದಳು. ಮೀನಿನ ಸಾರಿಗೆ ನಿಂಬೆ ಹಿಂಡಿ, ಹುರಿದ ಬಾಳೆಕಾಯಿ ಚೂರು ಹಾಕಿಕೊಂಡು ನಿಧಾನವಾಗಿ ಉಂಡಳು. ಒಂದು ಗಂಟೆಯಾಯಿತು. ಒಂದು ಗಂಟೆ ಐದು ನಿಮಿಷ. ಒಂದೂಕಾಲಿಗೆ ಫೋನು ಬಂತು. ವಿಲ್ಮರನ ದನಿ ಕೇಳಿ ಅವಳ ಕೈಯ ಚಮಚ ಅಲ್ಲೇ ನಿಂತಿತು.

'ದೋನ್ಯಾ ಓಟಿಲಿಯಾ, ಕೆಲಸ ನಿಮ್ಮದು, ಹೆಸರು ಹೊಡ್ಕೊಂಡೋನು ನಾನು. ಅಷ್ಟಾದ್ರೂ ನೀವೇ ಮೊದಲು ಕೈ ಎತ್ತಿದ್ರಿ. ಆವತ್ತಿಂದ ನಂಗೆ ನಿದ್ದೆ ಇಲ್ಲ. ಈಗ ಎಲ್ರ ಮುಂದೆ ಒಪ್ಕೊಂಡೆ, ಇದು ಓಟಿಲಿಯಾದು ಅಂತ.'

ಅವನ ಹಿಂದೆ ಜನ ನಗುವುದು, ಯಾರೋ ಗಿಟಾರು ಮೀಟುವುದು ಕೇಳುತ್ತಿತ್ತು.

ಆ ಊರಿನಲ್ಲಿ ಲಾರಿ ಕೊಂಡರೂ, ದೋಣಿ ನೀರಿಗಿಳಿದರೂ, ಹೊಸದು ಏನೇ ಬಂದರೂ ಅದಕ್ಕೊಬ್ಬ ಧರ್ಮತಾಯಿಯನ್ನು ಕರೆಯುತ್ತಾರೆ. ಅವಳು ಕಾಲಿಟ್ಟ ಮೇಲೆಯೇ ಉಳಿದವರು. ಅಲ್ಲೇ ಹುಟ್ಟಿ ಬೆಳೆದ ಓಟಿಲಿಯಾ ಎರಡು ಗಡಿಯಾರಗಳನ್ನು ಲೆಕ್ಕ ಹಾಕಿದ್ದಳು, ಇದನ್ನು ಮರೆತಿದ್ದಳು. 'ಧರ್ಮತಾಯಿ ಯಾರು ಅಂದ್ಕೊಂಡ್ರಿ? ನಿಮ್ಮಮ್ಮ!' ಎಂದ ವಿಲ್ಮರ್. 'ಮೂವತ್ತು ವರ್ಷ ಇಲ್ಲೇ ಕೂತು ಬೀಜ ಆರಿಸಿದ ಕೈಯಲ್ವಾ? ಹೊಸ ಮಾದರಿ ಶುರುವಿಗೆ ಅಂತ ಗೋದಾಮಿನ ಮುಂದೆ ಊಟ ಇಟ್ಟಿದ್ದೆ, ಒಂದಕ್ಕೆ ಸರಿಯಾಗಿ ದೀಪ ಹಸಿರಾಯ್ತು. ನನ್ನ ಚಾಕು ಇಸ್ಕೊಂಡು, ಹಳೇ ಮೂಲೇಲಿ ಒಂದು ಗಳಿಗೆ ಒಬ್ಳೇ ಕೂತಿರ್ತೀನಿ ಅಂತ ಬಾಗಿಲು ಮುಂದೆ ಮಾಡ್ಕೊಂಡು ಒಳಗೆ ಹೋದ್ರು. ಕಾಲು ಗಂಟೆ ಆಯ್ತು. ಕರೆಯೋ ತನಕ ನಾವ್ಯಾರೂ ಹೊಸ್ತಿಲು ದಾಟಲ್ಲ.' ಒಳಗೆ ವಿಷಗಾಳಿ ಇದೆ, ಎಳೆದು ತನ್ನಿ ಎಂದು ಓಟಿಲಿಯಾ ಕಿರುಚಿದಳು. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಆ ಕಡೆ ವಿಲ್ಮರ್ ಸಮಾಧಾನವಾಗಿ ನಕ್ಕ. 'ಏನಮ್ಮ ನೀವು, ದೀಪ ಹಸಿರಾಗಿದೆಯಲ್ಲ. ಈ ಮಾದರಿ ಒಂದು ನಿಮಿಷಾನೂ ತಪ್ಪಲ್ಲ ಅಂತ ಹನ್ನೊಂದು ವರ್ಷ ಹೇಳಿದ್ದು ನೀವೇ ತಾನೇ?'