ಆರು ಗಂಟೆಯ ಗಾಳಿ

ಫೆಬ್ರವರಿ 4, 2025, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಸಿದ್ದಾಪುರದ ಠಾಣೆಗೆ ಬಂದ ಸುಬ್ಬಿ ಬೆಂಚಿನ ಮೇಲೆ ಕೂರುವ ಮೊದಲು ಕಿಟಕಿ ಯಾವ ಕಡೆಗಿದೆ ಎಂದು ನೋಡಿಕೊಂಡಳು. ಆಮೇಲೆ ಅದರ ನೇರದಿಂದ ಸರಿದು, ಗೋಡೆಗೆ ಒತ್ತಿಕೊಂಡು ಕೂತಳು.

ಹೆಡ್ ಕಾನ್‌ಸ್ಟೆಬಲ್ ಸದಾಶಿವ ಅದನ್ನು ಗಮನಿಸಿದ. ಠಾಣೆಗೆ ಬಂದವರ ದನಿಯನ್ನು ಅವರು ಗೇಟು ದಾಟುವುದರೊಳಗೆ ಗಂಟಲಿಗಿಳಿಸಿಕೊಂಡು ಅಣಕಿಸುವ ಆಸಾಮಿ ಅವನು. ಸಾಹೇಬರ ಕೆಮ್ಮು, ಹಳೇ ಜೀಪು ಸ್ಟಾರ್ಟ್ ಆಗದೆ ಹೆರಿಗೆ ನೋವು ತಿನ್ನುವ ಸದ್ದು, ಎಲ್ಲ ಅವನಲ್ಲಿ ಸಿಗುತ್ತಿತ್ತು. ಸುಬ್ಬಿಯ ದನಿ ಮಾತ್ರ ಇಳಿಯಲಿಲ್ಲ. ಅವಳಲ್ಲಿ ದನಿಯೇ ಉಳಿದಿರಲಿಲ್ಲ.

ಊರಂಚಿನಲ್ಲಿ ಅವಳ ಮತ್ತು ಗಂಡ ಚೌಡನ ಮನೆ. ಶನಿವಾರ ಸಂಜೆ ಕಿಟಕಿಯ ಗಾಜಿಗೆ ತೂತು ಬಿತ್ತು. ಭಾನುವಾರ ನೀರಿನ ಡ್ರಮ್ಮು ಸೋರತೊಡಗಿತು. ನಿನ್ನೆ, ತಂತಿಯ ಮೇಲಿನ ಬಟ್ಟೆ ತೆಗೆಯಲು ಹೋದ ಸೊಸೆ ಮಮತಾ ಎಡತೋಳು ಹಿಡಿದುಕೊಂಡು ಕುಸಿದಳು. ಅವಳಿಗೆ ಏಳು ತಿಂಗಳು.

“ಎಷ್ಟೊತ್ತಿಗೆ?” ಎಂದು ಪಿಎಸ್‌ಐ ಚೇತನಾ ಕೇಳಿದರು. ಅವರು ಹಾವೇರಿ ಕಡೆಯವರು.

“ಮೂರು ದಿನಾನೂ ದೀಪ ಹಚ್ಚೂ ಹೊತ್ತು. ಆರು ಗಂಟೆ.”

“ಸಪ್ಪಳ?”

“ಅದೇ ಅಲ್ದಾ ಹೆದ್ರಿಕೆ, ಅಮ್ಮಾ. ಮನುಷ್ಯ ಹೊಡೆದ್ರೆ ಸದ್ದು ಬೇಡ್ವಾ?”

ಯಾರ ಮೇಲಾದರೂ ಸಂಶಯವೇ ಎಂದಾಗ ಸುಬ್ಬಿ ಇನ್ನೊಮ್ಮೆ ಕಿಟಕಿಯ ಕಡೆ ನೋಡಿದಳು. ಕಳೆದ ವರ್ಷ ಊರದೇವತೆ ಚೌಡಿಗೆ ಹೇಳಿಕೊಂಡ ಹರಕೆ ತೀರಿಸಿಲ್ಲ ಎಂದು ಪಿಸುಗುಟ್ಟಿದಳು.

“ಚೌಡಿ ಮ್ಯಾಲೆ ಎಫ್‌ಐಆರ್ ಹಾಕಾಕ ಬರೂದಿಲ್ಲವಾ,” ಎಂದು ಚೇತನಾ ಹೇಳಿದರು. ಯಾರೂ ನಗಲಿಲ್ಲ. 10.25ಕ್ಕೆ ಅಪರಿಚಿತ ಆರೋಪಿಯ ಮೇಲೆ ಭಾರತೀಯ ನ್ಯಾಯ ಸಂಹಿತೆಯ 125(ಎ) ಕಲಮಿನಡಿ ಅಜಾಗರೂಕತೆಯಿಂದ ಗಾಯಗೊಳಿಸಿದ ಪ್ರಕರಣ ದಾಖಲಾಯಿತು.

ಆಸ್ಪತ್ರೆಯಲ್ಲಿ ವೈದ್ಯರು ತೋಳಿನಿಂದ ತೆಗೆದ ವಸ್ತುವನ್ನು ಬಟ್ಟಲಿನಲ್ಲಿಟ್ಟು ತೋರಿಸಿದರು. ಹೆಸರುಕಾಳಿನ ಗಾತ್ರದ, ನಡು ಸಣ್ಣಗಿದ್ದ, ಡಮರುವಿನಂಥ ಸೀಸದ ಗುಂಡು. ನಾಲ್ಕು ಬೆರಳು ಈಚೆ ಬಂದಿದ್ದರೆ ಎಂದು ಮಾತು ತೆಗೆದವರು ಮಮತಾಳ ಹೊಟ್ಟೆ ನೋಡಿ ನಿಲ್ಲಿಸಿದರು. ಅವಳು ಅಳುತ್ತಿರಲಿಲ್ಲ. ಇವತ್ತೂ ಆರು ಗಂಟೆ ಆಗುತ್ತದಲ್ಲ ಎಂದಷ್ಟೇ ಕೇಳಿದಳು. ಸದಾಶಿವ ಕೈಗಡಿಯಾರ ನೋಡಿಕೊಂಡ.

12.15ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಗಾಜಿನ ತೂತಿನಿಂದ ಒಳಗೋಡೆಯ ಗುರುತಿಗೆ ಸದಾಶಿವ ದಾರ ಕಟ್ಟಿದ. ಆ ದಾರದ ನೇರ ಹಿಡಿದು ಹೊರಗೆ ನೋಡಿದರೆ, ಕೊಯ್ಲು ಮುಗಿದ ಗದ್ದೆಯಾಚೆ ಎಂಬತ್ತು ಮೀಟರ್ ದೂರದಲ್ಲಿ ಒಂದು ಲಾರಿ ಗ್ಯಾರೇಜು, ಅದರ ಪಕ್ಕ ಬೀಗ ಹಾಕಿದ ಗೋದಾಮು, ಹಿಂದೆ ಕಾಡು. ಈ ಮೂರರಲ್ಲಿ ಯಾವುದು ಎಂದು ಹೇಳುವಷ್ಟು ಬುದ್ಧಿ ದಾರಕ್ಕಿರಲಿಲ್ಲ.

ಗ್ಯಾರೇಜಿನ ಮಾಲೀಕ ಖಾಜಾ ಹುಸೇನ್ ತಾವಾಗಿಯೇ ಗದ್ದೆ ದಾಟಿ ಬಂದರು. ಅರವತ್ತೈದರ ಮೆಕ್ಯಾನಿಕ್, ಗ್ಯಾರೇಜಿನ ಮಹಡಿಯಲ್ಲೇ ಮನೆ. ಸುದ್ದಿ ಕೇಳಿದಾಗಿನಿಂದ ಮೊಮ್ಮಗಳನ್ನು ಹೊರಗೆ ಬಿಟ್ಟಿಲ್ಲ, ತಮ್ಮ ಕಡೆಗೂ ಒಂದು ಪೊಲೀಸ್ ಬೀಟ್ ಹಾಕಿಸಬೇಕೆಂದು ಕೇಳಿಕೊಂಡರು. ಮಾತಾಡುತ್ತಲೇ ಎರಡು ಸಲ ತಿರುಗಿ ತಮ್ಮ ಮಹಡಿಯ ಕಿಟಕಿ ನೋಡಿದರು, ಆ ಹೆದರಿಕೆ ಸುಳ್ಳಲ್ಲ. ಸದಾಶಿವ ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ಸಂಜೆ 5.30. ಮಧ್ಯಾಹ್ನವೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಮಮತಾ, ಸುಬ್ಬಿ, ಚೌಡ ಮೂವರನ್ನೂ ಒಳಕೋಣೆಗೆ ಕಳಿಸಿದರು. ಬಟ್ಟೆಯ ತಂತಿಗೆ ಎರಡು ಹತ್ತಿ ಹಾಸಿಗೆ ಕಟ್ಟಿದರು. ಚೇತನಾ ಗೋಡೆಯ ಮರೆಯಲ್ಲಿ ನಿಂತರು. ಸದಾಶಿವ ಗಲಭೆಗೆಂದು ಕೊಟ್ಟ ಹೆಲ್ಮೆಟ್ ಹಾಕಿಕೊಂಡು ದನ ನೀರು ಕುಡಿಯುವ ಕಲ್ಲಿನ ಬಾನಿಯ ಹಿಂದೆ ಮುದುಡಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಲ್ಲು ತಿಂದಿದ್ದ, ಬೈಗುಳ ತಿಂದಿದ್ದ. ಅವೆಲ್ಲ ಬರುವ ಮೊದಲು ಕಾಣುತ್ತಿದ್ದವು ಇಲ್ಲವೇ ಕೇಳುತ್ತಿದ್ದವು. ಇದು ಹಾಗಲ್ಲ. ಹೆಲ್ಮೆಟ್ಟಿನೊಳಗೆ ತನ್ನದೇ ಉಸಿರು ಬೇರೆ ಯಾರದೋ ಎನ್ನಿಸಿತು.

ಆರಕ್ಕೆ ಗ್ಯಾರೇಜಿನಲ್ಲಿ ಎಂದಿನ ಕೆಲಸ ಶುರುವಾಯಿತು. ನಿಲ್ಲಿಸಿದ ಲಾರಿಗಳ ಬ್ರೇಕಿನ ಟ್ಯಾಂಕುಗಳಿಂದ ಚಾಲಕರು ಒಬ್ಬೊಬ್ಬರಾಗಿ ಗಾಳಿ ಬಿಟ್ಟರು. ಪುಸ್ಸ್ಸ್. ದಿನವೂ ಕೇಳುವ ಸದ್ದು, ಯಾರ ಕಿವಿಯೂ ಅದನ್ನು ಲೆಕ್ಕಕ್ಕೆ ಹಿಡಿಯದು.

6.04ಕ್ಕೆ ಹಾಸಿಗೆ ಒಮ್ಮೆ ಬೆಚ್ಚಿತು. ಯಾರೋ ಬೆರಳಲ್ಲಿ ಚಿಮ್ಮಿದಂತೆ, ಅಷ್ಟೇ. ಒಳಗಿಂದ ಮಮತಾ ಒಮ್ಮೆ ಬಿಕ್ಕಿದ್ದು ಕೇಳಿಸಿತು.

ಸದಾಶಿವನ ಗಂಟಲು ತನ್ನ ಪಾಡಿಗೆ ಕೆಲಸ ಮಾಡಿತು. “ಟಪ್ಪುಸ್... ಪುಸ್... ಪುಸ್... ಪುಸ್,” ಎಂದು ಈಗಷ್ಟೇ ಕೇಳಿದ್ದನ್ನು ಮೆಲ್ಲಗೆ ಒಪ್ಪಿಸಿತು.

“ಏನ್ರಿ ಅದು?” ಎಂದರು ಚೇತನಾ.

“ಲಾರಿ ಗಾಳಿ ಉದ್ದಕ್ಕೆ ಹೋಗ್ತದೆ ಮೇಡಂ. ನಡೂಕೆ ಇದೊಂದು ಬಂತು, ತುಂಡು ತುಂಡು. ಮೊದಲ್ನೇದ್ರಲ್ಲಿ ಒಂದು ಟಪ್ ಇತ್ತು. ಆಮೇಲಿಂದೆಲ್ಲ ಬರೀ ಗಾಳಿ.”

“ಎಲ್ಲಿಂದ?”

“ಗ್ಯಾರೇಜಿನ ಮಹಡಿಯಿಂದ.”

ಕತ್ತಲು ಇಳಿಯುತ್ತಿತ್ತು. ಗ್ಯಾರೇಜಿನಲ್ಲಿ ಹತ್ತಾರು ಚಾಲಕರಿದ್ದರು. ಮೇಲಿರುವವನ ಕೈಯಲ್ಲಿ ಏನಿದೆ, ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಮೆಟ್ಟಿಲು ಹತ್ತುವುದು ಬೇಡ ಎಂದು ಚೇತನಾ ನಿರ್ಧರಿಸಿ ಪಹರೆ ಹಾಕಿಸಿದರು. ಒಂದೇ ಗುಂಡು ಹಾರಿಸಿ, ಆಮೇಲೆ ಬರೀ ಗಾಳಿ ಯಾಕೆ ಹಾರಿಸುತ್ತಾನೆ? ಹುಚ್ಚನಿರಬೇಕು ಎಂದು ಯೋಚಿಸುತ್ತ ಸದಾಶಿವ ರಾತ್ರಿಯಿಡೀ ಕಿಟಕಿ ಮುಚ್ಚಿಕೊಂಡು ಮಲಗಿದ.

ಫೆಬ್ರವರಿ 5, ಬೆಳಿಗ್ಗೆ 10.30. ಶಿರಸಿಯಲ್ಲಿ ಏರ್‌ಗನ್ ಮಾರುವ ದರ್ಶನನ ಅಂಗಡಿ. ಸೀಸದ ಗುಂಡನ್ನು ಅಂಗೈಯಲ್ಲಿ ಉರುಳಿಸಿ ನೋಡಿದ ಅವನು, ಇದು ಜಾತ್ರೆಯ ಬಲೂನು ಒಡೆಯುವ ಬಂದೂಕಿನದಲ್ಲ ಎಂದ. ಪಿಸಿಪಿ ಎನ್ನುತ್ತಾರೆ, ಗನ್ನಿನ ಹೊಟ್ಟೆಯಡಿಯ ಟ್ಯಾಂಕಿಗೆ ಮೊದಲೇ ಪಂಪಿನಿಂದ ಗಾಳಿ ತುಂಬಿಡಬೇಕು, ಲಾರಿ ಟೈರಿಗಿಂತ ಇಪ್ಪತ್ತೈದು ಪಟ್ಟು ಒತ್ತಡ. ಸಣ್ಣ ಶಕ್ತಿಯದಕ್ಕೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ಸಾಕು.

ಮೊದಲ ಸಲ ಕೊಳ್ಳುವವರಿಗೆ ಏನು ಹೇಳುತ್ತೀರಿ ಎಂದು ಚೇತನಾ ಕೇಳಿದ್ದೇ ತಡ, ದರ್ಶನ ಹುಮ್ಮಸ್ಸಿಗೆ ಬಂದ. ಎರಡು ನಿಮಿಷ ಎತ್ತಿ ಹಿಡಿದು ನೋಡಿ, ಕೈ ನಡುಗಿದರೆ ಅದು ನಿಮಗಲ್ಲ. ಒತ್ತಡ ತೋರಿಸುವ ಮೀಟರ್ ಇಲ್ಲದ್ದು ಮುಟ್ಟಬೇಡಿ. ವೆಲ್ಡಿಂಗ್ ಸಿಲಿಂಡರಿನಿಂದ ತುಂಬಿದರೆ ಅದು ಗನ್ನಲ್ಲ, ಬಾಂಬು.

“ಕೊಳ್ಳೋರು ಕೇಳೂದು ಎಷ್ಟು ದೂರ ಹೋಗ್ತದೆ ಅಂತ. ನಾನು ಕೇಳೂದು, ಗುರಿ ತಪ್ಪಿದ್ರೆ ಹಿಂದೆ ಎಂತ ಇದೆ ಅಂತ.”

ರಿಜಿಸ್ಟರಿನಲ್ಲಿ ಸಿದ್ದಾಪುರದ ಹೆಸರು ಒಂದೇ ಇತ್ತು. ಜನವರಿ 18, ಖಾಜಾ ಹುಸೇನ್.

“ಇವ್ರಿಗೂ ಎಲ್ಲಾ ಹೇಳಿದ್ರಿ?”

ದರ್ಶನನ ಹುಮ್ಮಸ್ಸು ಇಳಿಯಿತು. “ಅರ್ಧ. ಟ್ಯಾಂಕಿನ ತನಕ ಬಂದಿದ್ದೆ. ಗಾಳಿ ವಿಷಯ ನಂಗೆ ಹೇಳ್ತೀಯಾ, ನಲವತ್ತು ವರ್ಷದಿಂದ ಗಾಳೀಲೇ ಹೊಟ್ಟೆ ಹೊರೀತಿದ್ದೀನಿ ಅಂದ್ರು. ಕೈಪಿಡಿ ಇಂಗ್ಲಿಷಿಂದು.”

ಮಧ್ಯಾಹ್ನ 1.50ಕ್ಕೆ ಪಂಚರೊಂದಿಗೆ ಮಹಡಿ ಹತ್ತಿದರು. ಖಾಜಾ ಹುಸೇನರ ಹೆಂಡತಿ ಖುರ್ಷಿದಾ, ಐದು ವರ್ಷದ ಮೊಮ್ಮಗಳು ಹುಸ್ನಾಳನ್ನು ಎತ್ತಿಕೊಂಡು ಅಡುಗೆಮನೆಗೆ ಸರಿದರು. ಗನ್ ಎಲ್ಲಿ ಎಂದಾಗ ಖಾಜಾ ಹುಸೇನರ ಮುಖ ಸುಣ್ಣವಾಯಿತು. ಕಪಾಟಿನ ಮೇಲಿಂದ ಕಂಬಳಿಯ ಸುರುಳಿ ಇಳಿಸಿ, ಬಿಚ್ಚಿ, ಗನ್ನನ್ನು ಚಾಚಿದರು. ಕೊಳವೆಯ ಬಾಯಿ ಸೀದಾ ಸದಾಶಿವನ ಹೊಕ್ಕುಳಿಗೆ ಬಂದು ನಿಂತಿತು.

“ಖಾಲಿ ಇದೆ ಸಾಹೇಬ್ರೆ. ಹೆದರಬೇಡಿ.”

“ಕೊಳವಿ ಕೆಳಗ ಮಾಡ್ರಿ,” ಎಂದರು ಚೇತನಾ. “ಯಾವಾಗ ಖಾಲಿ ಮಾಡಿದ್ರಿ?”

“ಬೆಳಿಗ್ಗೆ ಮಂಗ ಬಂದಿತ್ತು, ಲಿವರ್ ಎಳೆದು ತಯಾರು ಮಾಡ್ಕೊಂಡೆ. ಹೊಡೆಯೋ ಮೊದ್ಲೇ ಹೋಯ್ತು. ಗುಂಡು ತುಂಬೋ ಚಕ್ರ ತೆಗೆದಿಟ್ಟೆ.”

“ಸಂಜಿಗೆ ಏನ್ ಮಾಡ್ತೀರಿ?”

“ಗಾಳಿ ಬಿಡ್ತೀನಿ. ಗಾಡಿ ಟ್ಯಾಂಕಲ್ಲಿ ರಾತ್ರಿ ಗಾಳಿ ಇಡಬಾರ್ದು, ನೀರು ಕಟ್ತದೆ, ತುಕ್ಕು ಹಿಡೀತದೆ. ಇದೂ ಟ್ಯಾಂಕೇ ಅಲ್ವಾ?”

“ಹೆಂಗ ಬಿಡ್ತೀರಿ?”

“ಕಿಟಕಿ ಕಟ್ಟೆ ಮೇಲಿಟ್ಟು, ಗಾಳಿ ಮುಗಿಯೋ ತನಕ ಗನ್ನಿನ ಕುದುರೆ ಎಳೀತೀನಿ. ಒಳಗೆ ಬೇಟಿ ಹುಸ್ನಾ ಇರ್ತಾಳೆ, ಹೊರಗೆ ಬಿಟ್ರೆ ಸೇಫ್ ಅಂತ.”

ಚೇತನಾ ಕೆಳಗಿನಿಂದ ಬೆಂಕಿ ಆರಿಸುವ ಮರಳಿನ ಬಕೆಟ್ ತರಿಸಿದರು. ಅದರೊಳಗೆ ಗುರಿಯಿಟ್ಟು ಎಳೆಯಿರಿ ಎಂದರು. ಖಾಜಾ ಹುಸೇನ್ ಎಳೆದರು.

ಟಪ್ಪುಸ್. ಮರಳು ಮೊಣಕಾಲೆತ್ತರಕ್ಕೆ ಚಿಮ್ಮಿತು.

ಮತ್ತೆ ಎಳೆಸಿದರು. ಪುಸ್. ಮರಳಿನ ಮೇಲೆ ಸಣ್ಣ ಗುಳಿ ಬಿತ್ತು, ಅಷ್ಟೇ.

ಒಮ್ಮೆ ತಯಾರು ಮಾಡಿದ ಮೇಲೆ ಒಂದು ಗುಂಡು ಚಕ್ರ ಬಿಟ್ಟು ಕೊಳವೆಯೊಳಗೆ ಹೋಗಿ ಕೂತಿರುತ್ತದೆ, ಚಕ್ರ ತೆಗೆದರೂ ಅದು ಬರುವುದಿಲ್ಲ ಎಂದು ಚೇತನಾ ವಿವರಿಸುತ್ತಿದ್ದರು. ಸದಾಶಿವ ಕೇಳಿಸಿಕೊಳ್ಳುತ್ತಿರಲಿಲ್ಲ, ಅವನ ಎರಡೂ ಕೈ ಹೊಕ್ಕುಳ ಮುಚ್ಚಿಕೊಂಡಿದ್ದವು. ಖಾಜಾ ಹುಸೇನ್ ಕಿಟಕಿಯಾಚೆ ಗದ್ದೆ ನೋಡಿದರು, ಬಟ್ಟೆಯ ತಂತಿ ನೋಡಿದರು. ಆಮೇಲೆ ತಿರುಗಿ ಕಪಾಟಿನ ಕೆಳಗಿದ್ದ ಪುಟ್ಟ ಮಂಚ ನೋಡಿದರು.

“ಬೆಳಿಗ್ಗೆಯಿಂದ ಇದು ಹುಸ್ನಾಳ ತಲೆ ಮೇಲಿತ್ತು,” ಎಂದರು.

2.35ಕ್ಕೆ ಜಪ್ತಿ ಪಂಚನಾಮೆ, 2.50ಕ್ಕೆ ದಸ್ತಗಿರಿ. ಜಾಮೀನಿನ ಮೇಲೆ ಬಿಡುವ ಕಲಮಾದ್ದರಿಂದ ಠಾಣೆಯಲ್ಲೇ ಕಾಗದಪತ್ರ ಸಿದ್ಧವಾಯಿತು. ಸುಬ್ಬಿಗೆ ಫೋನ್ ಮಾಡಿ ತಿಳಿಸಿದಾಗ ಅವಳು, ಸೊಸೆಗೆ ಹೇಳುತ್ತೇನೆ, ಆದರೆ ಇವತ್ತು ಅಂಗಳಕ್ಕೆ ಕಳಿಸುವುದಿಲ್ಲ ಎಂದಳು.

ಖಾಜಾ ಹುಸೇನರ ಹೇಳಿಕೆಯನ್ನು ಸದಾಶಿವ ಬರೆದುಕೊಂಡ. ಕಳೆದ ಮಾರ್ಚಿನಲ್ಲಿ ಗ್ಯಾರೇಜಿನ ಹಿಂದೆ ಒಂದು ಮಂಗ ಸತ್ತು ಬಿದ್ದಿತ್ತು. ಸೊಸೆ ಫಿರ್ದೌಸ್, ಹುಸ್ನಾಳ ತಾಯಿ, ಅಲ್ಲಿ ಸೌದೆ ಆರಿಸಿ ಬಂದಿದ್ದಳು. ಮಂಗನ ಕಾಯಿಲೆ, ಹನ್ನೊಂದೇ ದಿನದಲ್ಲಿ ತೀರಿಕೊಂಡಳು. ಕಳೆದ ಶನಿವಾರದಿಂದ ಮಂಗಗಳು ಮತ್ತೆ ಮಾಡಿನ ತಗಡಿನ ಮೇಲೆ ಇಳಿಯತೊಡಗಿದ್ದವು. ಕೊಲ್ಲಲು ಅವರಿಗೆ ಧೈರ್ಯವಿರಲಿಲ್ಲ, ಸತ್ತ ಮಂಗನ ಮೈಯಿಂದಲೇ ರಕ್ತ ಹೀರುವ ಉಣುಗು ಇಳಿದು, ಆ ಕಾಯಿಲೆ ಹೊತ್ತು ಮನುಷ್ಯರನ್ನು ಹುಡುಕುತ್ತದೆ. ತಗಡಿಗೆ ಹೊಡೆದು ಓಡಿಸುವುದಷ್ಟೇ ಆಸೆ. ಅರಣ್ಯದವರು ಹಿಡಿದಾರೆಂದು ಗನ್ನಿನ ಸುದ್ದಿ ಯಾರಿಗೂ ಹೇಳಿರಲಿಲ್ಲ.

ಸಹಿ ಮಾಡುವ ಮೊದಲು ಖಾಜಾ ಹುಸೇನ್ ಪೆನ್ನು ಹಿಡಿದುಕೊಂಡೇ ಕೂತರು.

“ನಲವತ್ತು ವರ್ಷ ಲಾರಿ ಕೆಳಗೆ ಮಲಗಿದ್ದೀನಿ. ಜ್ಯಾಕ್ ಜಾರಿದಾಗ್ಲೂ ಹೆದರಿದವನಲ್ಲ. ಆ ಉಣುಗು ಎಳ್ಳಿಗಿಂತ ಸಣ್ಣದು, ಸಾಹೇಬ್ರೆ. ಅದಕ್ಕೆ ಎಲ್ಲಿ ಗುರಿ ಇಡೂದು?”