ಹೆರಳು ಹಾಕುವ ಅವ್ವ

ಶಾಂತಲಿಂಗಪ್ಪ ಸಾಹುಕಾರರು ಆ ಒಂದು ಮಾತು ಆಡದೇ ಇದ್ದಿದ್ದರೆ ಮಹಾನಂದಾ ಕಳ್ಳಿಯಾಗುತ್ತಿರಲಿಲ್ಲ.

ಆಳಂದದ ಅವರ ಪಡಸಾಲೆಯಲ್ಲಿ ಮೂವತ್ತು ವರ್ಷದಿಂದ ಆ ಚಿತ್ರ ತೂಗುತ್ತಿತ್ತು. ಸಾಹುಕಾರರೇ ಹರೆಯದಲ್ಲಿ ಬಟ್ಟೆಯ ಮೇಲೆ ಬರೆದದ್ದು. ಹಿತ್ತಿಲ ಬಿಸಿಲಿನಲ್ಲಿ ಕೂಲಿಯ ಮಲ್ಕಮ್ಮ ಮಗಳಿಗೆ ಹೆರಳು ಹಾಕುತ್ತಿದ್ದಾಳೆ. ಕಣ್ಣು ಮೂಗು ಯಾವುದೂ ನೆಟ್ಟಗಿಲ್ಲ, ಬಣ್ಣದ ಚುಕ್ಕೆಗಳಷ್ಟೇ. ಆ ಮಗಳೇ ಮಹಾನಂದಾ. ಈಗ ಅದೇ ಮನೆಯಲ್ಲಿ ಕಸಮುಸುರೆ ಮಾಡುವವಳು. ಆಧಾರ್ ಕಾರ್ಡು ಬರುವ ಮೊದಲೇ ತೀರಿಹೋದ ಅವ್ವನ ಫೋಟೋ ಒಂದೂ ಇರಲಿಲ್ಲ. ಚಿತ್ರವನ್ನು ಪುಣೆಯ ಯಾರೋ ಕೊಂಡು ಒಯ್ಯುತ್ತಾರೆಂದು ತಿಳಿದಾಗ, ಅದನ್ನು ತನಗೆ ಕೊಡಿರೆಂದು ಬಾಯಿಬಿಟ್ಟು ಕೇಳಿದಳು.

"ಇದರಾಗ ನಿಮ್ಮವ್ವ ಎಲ್ಲಿ ಅದಾಳ ಬೇ? ಬರೇ ಬೆಳಕದ," ಎಂದು ನಕ್ಕರು ಸಾಹುಕಾರರು.

"ಹಂಗಾರ ಆ ಬೆಳಕೇ ಕೊಡ್ರಿ."

ಕೊಡಲಿಲ್ಲ. ತನ್ನ ಅವ್ವನನ್ನು ತಾನು ಒಯ್ಯಲು ಯಾರಪ್ಪನ ಅಪ್ಪಣೆ ಬೇಕು?

ಸಾಹುಕಾರರು ಮದುವೆಗೆಂದು ಜೇವರ್ಗಿಗೆ ಹೋದ ದಿನ ಮನೆಯ ಕೀಲಿ ಅವಳ ಸೆರಗಿನಲ್ಲಿತ್ತು. ಮೊದಲ ಸಂಶಯ ತನ್ನ ಮೇಲೆಯೇ ಎಂಬುದು ಗೊತ್ತಿತ್ತು. ಬರಲಿ, ಹುಡುಕಲಿ! ಕದಿಯುವುದು ಯಾರಿಗಾದರೂ ಬಂದೀತು, ಬಚ್ಚಿಡುವುದರಲ್ಲಿದೆ ಜಾಣತನ. ಹಾಡಹಗಲೇ ಚೌಕಟ್ಟಿನ ಮೊಳೆ ಕಿತ್ತು, ಚಿತ್ರದ ಬಟ್ಟೆ ಬಿಡಿಸಿ ತನ್ನ ಮನೆಗೆ ತಂದಳು. ಹಳೆಯ ಸೀರೆಗಳ ಪದರಗಳ ನಡುವೆ ಅದನ್ನು ಹಾಸಿ, ನಾಲ್ಕೂ ಅಂಚು ಗಟ್ಟಿಯಾಗಿ ಹೊಲಿದು ಕೌದಿ ಮಾಡಿದಳು. ಬಡವರ ಕೌದಿಯತ್ತ ಯಾರು ನೋಡುತ್ತಾರೆ? ತಿಂಗಳು ಕಳೆದ ಮೇಲೆ ಅಫಜಲಪುರದ ತಂಗಿಯ ಮನೆಗೆ ಹೊದ್ದುಕೊಂಡೇ ಹೋದರಾಯಿತು.

ಪೊಲೀಸರು ಬಂದರು. ಜೋಳದ ಚೀಲ ಸುರುವಿದರು, ಟ್ರಂಕು ತಡಕಿದರು, ಹಂಚಿನ ಸಂದಿಯಲ್ಲೂ ಕೈಯಾಡಿಸಿದರು. ಮಹಾನಂದಾ ಅವರ ಕಣ್ಣೆದುರೇ ಕೌದಿಯನ್ನು ಹಾಸಿದಳು. "ಕುಂದರ್ರಿ ಸಾಹೇಬ್ರ, ದಣದೀರಿ." ಸಾಹೇಬರು ಅದರ ಮೇಲೆಯೇ ಕೂತು ಚಹಾ ಕುಡಿದು, ಏನೂ ಇಲ್ಲವೆಂದು ಎದ್ದರು. ಒಳಗೊಳಗೇ ಅವಳಿಗೆ ನಗು ಉಕ್ಕಿತು.

ಹಿಂದೆ ಉಳಿದವಳು ಭಾಗ್ಯಜ್ಯೋತಿ, ನಿಂಬರ್ಗಾ ಕಡೆಯ ಹೊಸ ಮಹಿಳಾ ಕಾನ್‌ಸ್ಟೆಬಲ್. ಅಜ್ಜಿಯ ಮಗ್ಗುಲಲ್ಲಿ ಕೂತು ಕೌದಿ ಹೊಲಿದು ಬೆಳೆದ ಹುಡುಗಿ. ಚಹಾದ ಕಪ್ಪು ಎತ್ತಿಕೊಡಲು ಬಗ್ಗಿದವಳು ಹಾಗೇ ಕೌದಿಯ ಮೇಲೆ ಅಂಗೈ ಆಡಿಸಿ, ನಡುವೆ ಬಂದು ನಿಲ್ಲಿಸಿದಳು. "ಯಕ್ಕಾ, ಅಂಚಿನಿಂದ ಸುತ್ತಿ ಸುತ್ತಿ ನಡುವಿನ ತನಕ ಹೊಲಿಗಿ ಬರಬೇಕಲ್ರಿ? ನಡುವ ಒಂದೂ ಹೊಲಿಗಿ ಹಾಕಿಲ್ಲ?" ಮಹಾನಂದಾ ತಲೆ ತಗ್ಗಿಸಲಿಲ್ಲ. "ಇಲ್ಲವ್ವಾ," ಎಂದಳು, "ಅಲ್ಲಿ ನಮ್ಮವ್ವನ ಕೈ ಅದಾವ. ಸೂಜಿ ಹೆಂಗ ಚುಚ್ಚಲಿ?"