ಮೈಮೇಲೆ ಬಂದ ‘ಬೇಡ’

“ಇವರಾ...!”

ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದ ಪವಿತ್ರ ಬಾಗಿಲಲ್ಲೇ ನಿಂತುಬಿಟ್ಟಳು. ದಿನಾ ಬೆಳಗ್ಗೆ ನರಸೀಪುರದ ಸ್ಟ್ಯಾಂಡಿನಲ್ಲಿ ಅವಳು ಇಳಿಯುವ ಸೋಸಲೆ ಬಸ್ಸಿಗೇ ಹತ್ತುವ ಸಿದ್ದು ಮೇಷ್ಟ್ರು, ಇವತ್ತು ಅವಳನ್ನೇ ಹೆಣ್ಣು ನೋಡಲು ಬಂದು ಕೂತಿದ್ದ! ಅವಳು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದವನು.

ಖುಷಿಪಡಬೇಕಿತ್ತು. ಬದಲಿಗೆ ತಟ್ಟೆ ಕೈಜಾರಿ ಬಿತ್ತು, ಜಡೆ ಬಿಚ್ಚಿಹೋಯಿತು. ಬಾಯಿಂದ ಅವಳದಲ್ಲದ ದನಿ...

“ಬ್ಯಾಡಾ! ಈ ಗಂಡು ಬ್ಯಾಡಾ!”

“ಮಾರಮ್ಮ ಬಂದವ್ಳೆ ಕಣ್ರಪ್ಪಾ!” ತಾಯಿ ಮರಿತಾಯಮ್ಮ ಕೈಮುಗಿದಳು. ಹಿಂದೆ ಗಂಡುಗಳು ನೋಡಲು ಬಂದಾಗಲೂ ಹೀಗೇ ಆಗಿತ್ತು. ದೇವರೇ ಬೇಡ ಅಂದಮೇಲೆ ಎದುರಾಡುವವರು ಯಾರು?

ಎಚ್ಚರವಾದಾಗ ಸಿದ್ದು ಹೋಗಿಯಾಗಿತ್ತು.

ಆಮೇಲೆ ಅವನು ಆ ಬಸ್ಸಿಗೂ ಬರಲಿಲ್ಲ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ನಂಜನಗೂಡಿಗೆ ವರ್ಗ ಮಾಡಿಸಿಕೊಂಡನಂತೆ. ‘ಹುಚ್ಚಿ ಅಂದ್ಕೊಂಡ್ರು...’ ತಾನು ಕೆಲಸ ಮಾಡುವ ರೇಷ್ಮೆ ಫ್ಯಾಕ್ಟರಿಯಲ್ಲಿ ಬಿಸಿನೀರಲ್ಲಿ ನೆನೆದ ಗೂಡಿನಿಂದ ಎಳೆ ತೆಗೆಯುತ್ತಾ ಪವಿತ್ರ ಅಳುತ್ತಿದ್ದಳು. ಸುತ್ತ ಅಷ್ಟು ಹೆಂಗಸರಿದ್ದರೂ ಅವಳು ಒಂಟಿ. ಬೇಕಾದವನನ್ನು ತಾನೇ ಓಡಿಸಿದೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು?

ಕೊನೆಗೊಂದು ದಿನ ಮನೆಯಲ್ಲಿ ಹೇಳದೆ ನಂಜನಗೂಡು ಬಸ್ಸು ಹತ್ತಿದಳು. ಶಾಲೆ ಬಿಡುವ ಹೊತ್ತಿಗೆ ಸಿದ್ದು ಗೇಟಿನಲ್ಲೇ ಸಿಕ್ಕಿದ.

“ನಾನು ಹುಚ್ಚಿ ಅಂತ ತಾನೇ ಓಡೋದ್ರಿ?”

“ಅಯ್ಯೋ, ಇಲ್ಲ ಕಣ್ರೀ! ನಿಮಗೇ ಇಷ್ಟ ಇಲ್ವೇನೋ ಅನ್ಕಂಡೆ.” ಅವನ ಮುಖ ಸಣ್ಣದಾಯಿತು. “ಬಿ.ಎಡ್.ನಲ್ಲಿ ಮನಶ್ಶಾಸ್ತ್ರ ಬಾಯಿಪಾಠ ಮಾಡಿದ್ದೆ... ಮನಸ್ಸು ಬೇಕು ಅಂತದೆ, ಅದೇ ಮನಸ್ಸು ಬ್ಯಾಡ ಅಂತದೆ. ಎರಡನ್ನೂ ನುಂಗ್ಕಂಡ್ರೆ ಮೈ ಮಾತಾಡ್ತದೆ ಅಂತ. ಅದೇ ಎದುರಿಗೆ ಕಂಡಾಗ ಎದ್ದು ಬಂದ್ಬಿಟ್ಟೆ! ಮಾರಮ್ಮನ ಮಾತು ಕೇಳ್ಕಂಡೆ, ನಿಮ್ಮನ್ನ ಕೇಳ್ಲಿಲ್ಲ. ಯಾಕ್ರೀ ಬ್ಯಾಡ?”

ಇಷ್ಟು ದಿನ ಯಾರೂ ಕೇಳಿರದ ಪ್ರಶ್ನೆ! ಪವಿತ್ರ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು.

“ನಮ್ಮಕ್ಕ... ಗಂಡ ಒಡೀತಾನೆ, ನಾ ಓಗಲ್ಲ ಅಂತ ಅತ್ಲು. ಯಾರೂ ಕೇಳ್ನಿಲ್ಲ, ಬಲವಂತವಾಗಿ ಕಳ್ಸುದ್ರು. ಎಣವಾಗಿ ಬಂದ್ಲು. ನಮ್ಮನೇಲಿ ಎಣ್ಮಕ್ಕಳ ಮಾತ್ಗೆ ಬೆಲೆ ಇಲ್ಲ ಮೇಷ್ಟ್ರೇ. ದೇವ್ರ ಮಾತ್ಗೆ ಅದೆ...”

ಹೇಳಿ ತಾನೇ ಬೆಚ್ಚಿದಳು. ಬೇಕೆಂದು ಮಾಡಿದ್ದಲ್ಲ, ಆಣೆ! ಆದರೂ ಆ ‘ಬೇಡ’ ತನ್ನದೇ, ಅಕ್ಕ ಹೋದಂದಿನಿಂದ ಒಳಗೇ ಇಟ್ಟುಕೊಂಡಿದ್ದ ಹೆದರಿಕೆಯದೇ ಅಂತ ಈಗ ಗೊತ್ತಾಯಿತು.

ಸಿದ್ದು ಸ್ವಲ್ಪ ದೂರ ಬಿಟ್ಟು ಪಕ್ಕದಲ್ಲಿ ಕೂತ.

“ಈಗ ನೀವೇ ಹೇಳಿ. ನಾನು ಬೇಕಾ?”

“ಭಯ ಆಯ್ತದೆ.”

“ಹಂಗಾರೆ ಕಾಯ್ತೀನಿ. ಭಯ ಹೋಗ್ಲಿ.”

“ಅದು ಓಗಲ್ಲ. ಇಟ್ಕಂಡೇ ಬರ್ಬೇಕು...” ಅವಳು ಕಣ್ಣೊರೆಸಿಕೊಂಡು ಅವನ ಮುಖವನ್ನು ನೇರವಾಗಿ ನೋಡಿದಳು. “ಮದ್ವೆ ಆದ್ಮೇಲೆ ಒಂದಿನ ನಾನು ವಾಪಸ್ ಓಯ್ತೀನಿ ಅಂದ್ರೆ...?”

“ನಾನೇ ಬಸ್ ಹತ್ತಿಸ್ತೀನಿ.”

“...ಅಂಗಾರೆ ಬೇಕು.”